ಮೈ ಕೊಡುವ ಸುಳಿವುಗಳನ್ನು ಗುರುತಿಸುವುದು ಹೇಗೆ: ಬೆಂಗಳೂರಿನ ದಿನಚರಿಗೊಂದು ಸಮಗ್ರ ಮಾರ್ಗದರ್ಶಿ

ಎದೆಯಲ್ಲಿ ಏನೋ ಒತ್ತಿದಂತಾದರೆ "ಗ್ಯಾಸ್ ಇರಬೇಕು". ಮೈ ಬಿಸಿಯಾದರೆ "ಒಂದು ಡೋಲೋ ಹಾಕ್ಕೊಂಡು ಆಫೀಸಿಗೆ ಹೋಗು". ತಿಂಗಳುಗಟ್ಟಲೆ ಸುಸ್ತಾದರೆ "ಈ ಟ್ರಾಫಿಕ್ಕಿನಲ್ಲಿ ಓಡಾಡಿ ಯಾರಿಗೆ ತಾನೇ ಸುಸ್ತಾಗಲ್ಲ". ಈ ಊರಿನಲ್ಲಿ ಮೈಯ ದೂರಿಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಎಷ್ಟೋ ಸಲ ಆ ಉತ್ತರ ಸರಿಯಾಗಿಯೇ ಇರುತ್ತದೆ. ಹಾಗಾಗಿಯೇ ಅದು ತಪ್ಪಾದ ಸಲ ನಮಗೆ ತಿಳಿಯುವುದಿಲ್ಲ.

ಕಾಯಿಲೆಗೆ ಹೆಸರಿಡುವುದು ವೈದ್ಯರ ಕೆಲಸ. ನಿಮ್ಮಿಂದ ಮಾತ್ರ ಆಗುವ ಕೆಲಸ ಬೇರೆ ಇದೆ: ಏನು ಬದಲಾಯಿತು, ಯಾವಾಗಿನಿಂದ, ಏನು ಮಾಡಿದರೆ ಹೆಚ್ಚಾಗುತ್ತದೆ, ಏನು ಮಾಡಿದರೆ ಇಳಿಯುತ್ತದೆ ಎಂದು ಗಮನಿಸುವುದು. ಬದಲಾವಣೆ ಕಣ್ಣಿಗೆ ಬೀಳಬೇಕಾದರೆ ಚೆನ್ನಾಗಿದ್ದಾಗ ಮೈ ಹೇಗಿರುತ್ತದೆ ಎಂಬ ಲೆಕ್ಕ ಕೈಯಲ್ಲಿರಬೇಕು. ಆದ್ದರಿಂದ ಇದನ್ನು ಆರಾಮಾಗಿರುವ ದಿನಗಳಲ್ಲೇ ಶುರುಮಾಡಿ.

ಮೊದಲ ಎರಡು ವಾರ: ನಿಮ್ಮ ಸಹಜ ಲೆಕ್ಕ

ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು ಹಾಸಿಗೆಯ ಪಕ್ಕ ಇಡಿ. ಮೊಬೈಲಿನಲ್ಲಿ ಬರೆಯುತ್ತೇನೆ ಎನ್ನುವವರು ಮೊದಲು ವಾಟ್ಸ್ಆ್ಯಪ್ ತೆರೆಯುತ್ತಾರೆ. ಆಫೀಸಿನ ಒಂದು ಮೆಸೇಜ್ ಸಾಕು, ನಾಡಿಬಡಿತ ಏರಲು.

ಬೆಳಿಗ್ಗೆ ಎಚ್ಚರವಾದ ಕೂಡಲೇ, ಎದ್ದು ಕೂರುವ ಮೊದಲು ನಾಡಿ ನೋಡಿ. ಎಡಗೈಯನ್ನು ಅಂಗಾತ ಇಟ್ಟು, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಇಳಿದರೆ ಮೂಳೆಗೂ ಸ್ನಾಯುರಜ್ಜುವಿಗೂ ನಡುವೆ ಒಂದು ತಗ್ಗು ಸಿಗುತ್ತದೆ. ಬಲಗೈಯ ತೋರುಬೆರಳು, ಮಧ್ಯದ ಬೆರಳನ್ನು ಅಲ್ಲಿ ಹಗುರವಾಗಿ ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದರದ್ದೇ ಬಡಿತ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಗಟ್ಟಿಯಾಗಿ ಒತ್ತಿದರೆ ಬಡಿತವೇ ಮಾಯವಾಗುತ್ತದೆ. ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ. ಜೊತೆಗೆ, ಬಡಿತ ಒಂದೇ ಲಯದಲ್ಲಿದೆಯೇ, ನಡುನಡುವೆ ತಪ್ಪುತ್ತಿದೆಯೇ ಎನ್ನುವುದು ಪೂರ್ತಿ ನಿಮಿಷ ಕಾದರೇ ತಿಳಿಯುವುದು.

ವಯಸ್ಕರಲ್ಲಿ ವಿಶ್ರಾಂತಿಯ ನಾಡಿ 60ರಿಂದ 100ರೊಳಗೆ ಇರುವುದು ಸಹಜ. ದಿನಾ ಓಡುವವರಿಗೆ ಅದಕ್ಕಿಂತ ಕಡಿಮೆಯೂ ಇರಬಹುದು. ಈ ಅಗಲವಾದ ಪಟ್ಟಿಗಿಂತ ನಿಮ್ಮ ಸ್ವಂತ ಸಂಖ್ಯೆ ಹೆಚ್ಚು ಉಪಯುಕ್ತ. ನಿಮ್ಮದು ಸಾಮಾನ್ಯವಾಗಿ 66 ಆಗಿದ್ದು, ಎರಡು ಮೂರು ದಿನ 78 ಬಂದರೆ ಪುಸ್ತಕದ ಪ್ರಕಾರ ಅದು ಸಹಜವೇ. ನಿಮ್ಮ ಪ್ರಕಾರ ಏನೋ ನಡೆದಿದೆ: ನಿದ್ದೆ ಕೆಟ್ಟಿರಬಹುದು, ನೀರು ಸಾಲದಿರಬಹುದು, ಜ್ವರ ಒಳಗೊಳಗೇ ಶುರುವಾಗಿರಬಹುದು. ಮೈಯ ತಾಪ 1 ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸುಮಾರು 10 ಬಡಿತ ಏರುತ್ತದೆ. ಅಂಥ ದಿನ ಜಿಮ್ ಬಿಡಿ, ಕಬ್ಬನ್ ಪಾರ್ಕಿನ ಓಟವನ್ನು ನಡಿಗೆಗೆ ಇಳಿಸಿ.

ಉಸಿರನ್ನು ನೀವೇ ಎಣಿಸಿಕೊಂಡರೆ ಅದರ ವೇಗ ಬದಲಾಗುತ್ತದೆ. ಮನೆಯವರಿಗೆ ಹೇಳಿ, ನಿಮಗೆ ಗೊತ್ತಿಲ್ಲದಂತೆ ಎದೆಯ ಏರಿಳಿತ ನೋಡಿ ಒಂದು ನಿಮಿಷ ಎಣಿಸಲಿ. ಸುಮ್ಮನೆ ಕೂತಾಗ 12ರಿಂದ 20 ಸಹಜ.

ವಾರಕ್ಕೊಮ್ಮೆ, ಬೆಳಿಗ್ಗೆ ಶೌಚದ ನಂತರ, ತಿಂಡಿಗೆ ಮೊದಲು ತೂಕ ನೋಡಿ. ಸೊಂಟದ ಸುತ್ತಳತೆಯನ್ನು ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯದಲ್ಲಿ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಿದರೆ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯ ಏರುತ್ತದೆ. ಪ್ರಯತ್ನವೇ ಪಡದೆ ಆರರಿಂದ ಹನ್ನೆರಡು ತಿಂಗಳಲ್ಲಿ ತೂಕದ ಶೇ. 5ರಷ್ಟು ಇಳಿದಿದ್ದರೆ ಖುಷಿಪಡಬೇಡಿ, ವೈದ್ಯರಿಗೆ ತೋರಿಸಿ.

ಇನ್ನೊಂದು ಅಳತೆಗೆ ಯಾವ ಉಪಕರಣವೂ ಬೇಡ. ದಿನಾ ಹತ್ತುವ ಒಂದು ಮೆಟ್ಟಿಲ ಸಾಲನ್ನು ಆರಿಸಿಕೊಳ್ಳಿ, ಮೆಟ್ರೋ ನಿಲ್ದಾಣದ್ದಾಗಲಿ, ಅಪಾರ್ಟ್‌ಮೆಂಟಿನದ್ದಾಗಲಿ. ವಾರಕ್ಕೊಮ್ಮೆ ಎಸ್ಕಲೇಟರ್ ಬಿಟ್ಟು ಒಂದೇ ವೇಗದಲ್ಲಿ ಹತ್ತಿ, ಮೇಲೆ ತಲುಪಿದಾಗ ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಹೇಳಲಾಯಿತೇ ಎಂದು ಬರೆಯಿರಿ. ಕಳೆದ ತಿಂಗಳು ಮಾತಾಡುತ್ತಾ ಹತ್ತಿದ ಮೆಟ್ಟಿಲಿನಲ್ಲಿ ಈ ತಿಂಗಳು ನಡುವೆ ನಿಲ್ಲಬೇಕಾದರೆ ರಕ್ತಹೀನತೆ, ಥೈರಾಯ್ಡ್, ಶ್ವಾಸಕೋಶ, ಹೃದಯ ಇವುಗಳಲ್ಲಿ ಯಾವುದೋ ಒಂದರ ಪರೀಕ್ಷೆ ಆಗಲೇಬೇಕು. ಹೆಂಗಸರಲ್ಲಿ ಇದರ ಜೊತೆಗೆ ಹಸಿ ಅಕ್ಕಿ, ಮಣ್ಣು, ಐಸು ತಿನ್ನಬೇಕೆನಿಸಿದರೆ ಕಬ್ಬಿಣಾಂಶದ ಕೊರತೆಯ ಅನುಮಾನ ಬಲವಾಗುತ್ತದೆ. ಅಂಥವರು ಮುಟ್ಟಿನ ಲೆಕ್ಕವನ್ನೂ ಬರೆಯಲಿ. ಏಳು ದಿನ ಮೀರಿದ ಸ್ರಾವ, ಗಂಟೆಗೊಂದು ಪ್ಯಾಡ್ ಬದಲಿಸಬೇಕಾದ ಸ್ರಾವ, ಮುಟ್ಟು ನಿಂತು ವರ್ಷವಾದ ಮೇಲೆ ಕಂಡ ಒಂದು ಹನಿ ರಕ್ತ, ಇವು ಮೂರೂ ಕಾಯುವಂಥವಲ್ಲ.

ರಾತ್ರಿ ಎಷ್ಟು ಗಂಟೆಗೆ ಮಲಗಿದಿರಿ, ಎಷ್ಟು ಸಲ ಎದ್ದಿರಿ, ಹೊಟ್ಟೆ ಸಲೀಸಾಗಿ ಹೋಯಿತೇ ಎಂದು ಒಂದೊಂದು ಪದ ಸಾಕು.

ನೀರು, ಮೂತ್ರ, ಹಸಿವು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪು, ಬೆವರು ಬೇಗ ಆರುತ್ತದೆ. ಮಂಗಳೂರಿನಲ್ಲಿ ಅಂಗಿ ಒದ್ದೆಯಾಗಿ ನೀರಿನ ನೆನಪು ಬಂದರೆ, ಇಲ್ಲಿ ಎಸಿ ಕೋಣೆಯಲ್ಲಿ ಸಂಜೆವರೆಗೆ ಬಾಯಾರಿಕೆಯೇ ಆಗುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂಕಾಗುತ್ತದೆ. ಹೀಗಾಗಿ ಬಾಯಾರಿಕೆಗಿಂತ ಮೂತ್ರದ ಬಣ್ಣವನ್ನು ನಂಬಿ. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿ ಆದರೆ ಮುಂದಿನ ಒಂದು ಗಂಟೆಯಲ್ಲಿ ಎರಡು ಲೋಟ ನೀರು. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದವರಿಗೆ ಅದು ಹೊಳೆಯುವ ಹಳದಿಯಾಗುತ್ತದೆ, ಬೀಟ್‌ರೂಟ್ ಪಲ್ಯ ತಿಂದ ಮರುದಿನ ನಸುಗೆಂಪಾಗಬಹುದು, ಗಾಬರಿ ಬೇಡ. ಬೀಟ್‌ರೂಟ್ ತಿನ್ನದೆಯೇ ಕೆಂಪಾದರೆ ನೋವಿಲ್ಲದಿದ್ದರೂ ತೋರಿಸಬೇಕು. ಹೃದಯ ಅಥವಾ ಕಿಡ್ನಿ ಕಾಯಿಲೆಗೆ ವೈದ್ಯರು ನೀರಿನ ಮಿತಿ ಹಾಕಿದ್ದರೆ ಆ ಮಿತಿಯೇ ಅಂತಿಮ.

ಹೊರವರ್ತುಲ ರಸ್ತೆಯಲ್ಲಿ ಎರಡು ಗಂಟೆ ಸಿಕ್ಕಿಬೀಳುವ ಹೆದರಿಕೆಗೆ, ದಾರಿಯಲ್ಲಿ ಸ್ವಚ್ಛ ಶೌಚಾಲಯ ಸಿಗದ ಕಾರಣಕ್ಕೆ, ಮಧ್ಯಾಹ್ನದಿಂದಲೇ ನೀರು ನಿಲ್ಲಿಸುವ ಹೆಣ್ಣುಮಕ್ಕಳು ಈ ನಗರದಲ್ಲಿ ಬಹಳ. ಇದು ಅವರ ತಪ್ಪಲ್ಲ, ಊರಿನ ಕೊರತೆ. ಆದರೆ ಪೆಟ್ಟು ಬೀಳುವುದು ಮೂತ್ರಕೋಶಕ್ಕೆ. ಮೂತ್ರ ತುಂಬಾ ಹೊತ್ತು ಒಳಗೆ ನಿಂತರೆ ಬ್ಯಾಕ್ಟೀರಿಯಾ ಬೆಳೆಯಲು ಸಮಯ ಸಿಗುತ್ತದೆ, ನೀರು ಕಡಿಮೆಯಾದರೆ ಅದು ಕೊಚ್ಚಿಹೋಗುವುದೂ ಇಲ್ಲ. ಹೀಗೆ ಮಾಡಿ: ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರೊಳಗೆ ದಿನದ ನೀರಿನ ಹೆಚ್ಚು ಪಾಲು ಕುಡಿಯಿರಿ, ಮೂರು ನಾಲ್ಕು ಗಂಟೆಗೊಮ್ಮೆ ಅವಸರವಿಲ್ಲದಿದ್ದರೂ ಹೋಗಿ, ಹೊರಡುವ ಮುನ್ನ ಮತ್ತೊಮ್ಮೆ. ಉರಿಮೂತ್ರದ ಜೊತೆ ಚಳಿಜ್ವರ, ಪಕ್ಕೆನೋವು ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು, ಅದೇ ದಿನ ವೈದ್ಯರ ಬಳಿ ಹೋಗಿ.

ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ದರ್ಶಿನಿಯಲ್ಲಿ ನಿಂತುಕೊಂಡು ಐದು ನಿಮಿಷದಲ್ಲಿ ಮಸಾಲೆ ದೋಸೆ, ಮೇಲೊಂದು ವಡೆ ಮುಗಿಸಿದವರಿಗೆ ಆ ಸುದ್ದಿ ಬರುವ ಹೊತ್ತಿಗೆ ಬಿಲ್ ಕೊಟ್ಟಾಗಿರುತ್ತದೆ. ಇನ್ನೊಂದು ಪ್ಲೇಟ್ ಹೇಳುವ ಮುನ್ನ ಹತ್ತು ನಿಮಿಷ ಬಿಡಿ. ಹಸಿವು ನಿಧಾನವಾಗಿ ಏರುತ್ತದೆ, ಅನ್ನ-ಸಾರಾದರೂ ಸರಿ ಎನ್ನುತ್ತದೆ. ಬೇಸರ, ಒತ್ತಡದ ಚಪಲ ಥಟ್ಟನೆ ಬರುತ್ತದೆ, ಇಂಥದ್ದೇ ಬೇಕು ಎನ್ನುತ್ತದೆ. ಸಂಜೆ ಐದರ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹತ್ತರವರೆಗೂ ರಕ್ತದಲ್ಲಿ ಉಳಿದಿರುತ್ತದೆ. ನಿದ್ದೆ ಬರುತ್ತಿಲ್ಲ ಎಂದು ಮಾತ್ರೆ ಕೇಳುವ ಮೊದಲು ಎರಡು ವಾರ ಮಧ್ಯಾಹ್ನ ಎರಡರ ಮೇಲೆ ಕಾಫಿ-ಟೀ ಬಿಟ್ಟು ನೋಡಿ.

ನೋವಿಗೆ ಸರಿಯಾದ ಮಾತು

ವೈದ್ಯರ ಮುಂದೆ "ಪೇನ್ ಇದೆ ಡಾಕ್ಟ್ರೇ" ಎಂದರೆ ಅರ್ಧ ಮಾಹಿತಿ ಕಳೆದುಹೋಗುತ್ತದೆ. ಅಜ್ಜಿಯಂದಿರು ಬಳಸುವ ಮಾತುಗಳನ್ನೇ ಬಳಸಿ, ಒಂದೊಂದೂ ಒಂದೊಂದು ದಿಕ್ಕು ತೋರಿಸುತ್ತದೆ.

ಎದೆಮೂಳೆಯ ಹಿಂದೆ ಉರಿ, ಊಟವಾಗಿ ಮಲಗಿದರೆ ಹೆಚ್ಚು: ಆಮ್ಲ ಮೇಲೇರುತ್ತಿರುವ ಸೂಚನೆ. ಅಂಗಾಲಿನ ಉರಿ, ಜೋಮು: ನರಗಳದ್ದು. ಸಕ್ಕರೆ ಮಟ್ಟದ ಜೊತೆ ಬಿ12 ಕೂಡ ನೋಡಿಸಬೇಕು, ಅದರಲ್ಲೂ ಸಸ್ಯಾಹಾರಿಗಳು ಮತ್ತು ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿ ಮಾತ್ರೆ ನುಂಗುತ್ತಿರುವವರು. ಕರೆಂಟ್ ಹೊಡೆದಂತೆ ಸೊಂಟದಿಂದ ಕಾಲಿಗೆ ಇಳಿಯುವ ಸೆಳೆತ: ಬೆನ್ನಲ್ಲಿ ನರ ಒತ್ತಿದೆ. ಉಸಿರೆಳೆದಾಗ ಚುಚ್ಚುವುದು: ಪಕ್ಕೆಲುಬಿನ ಸ್ನಾಯು ಅಥವಾ ಶ್ವಾಸಕೋಶದ ಪೊರೆ. ಅಲೆ ಅಲೆಯಾಗಿ ನುಲಿಯುವುದು: ಕರುಳು, ಮೂತ್ರನಾಳದಂಥ ಕೊಳವೆಗಳದ್ದು. ಕಲ್ಲು ಇಳಿಯುವಾಗ ಬೆನ್ನಿನಿಂದ ತೊಡೆಸಂದಿಗೆ ಸರಿಯುವ ಆ ನೋವಿನಲ್ಲಿ ಮನುಷ್ಯ ಒಂದೆಡೆ ಕೂರಲಾರ. ಪಟಪಟ ಸಿಡಿಯುವುದು: ಹಲ್ಲಿನ ಕೀವು, ಅರೆತಲೆನೋವು. ಬೆಳಿಗ್ಗೆ ಬೆರಳು ಬಿಗಿದುಕೊಂಡು ಒಂದು ಗಂಟೆಯಾದರೂ ಸಡಿಲವಾಗದಿದ್ದರೆ ಅದು ಉರಿಯೂತದ ಸಂಧಿವಾತದ ಲಕ್ಷಣ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ.

ನೋವು ಇರುವ ಜಾಗವೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಒಳಾಂಗಗಳ ನರಗಳು ಚರ್ಮದ ನರಗಳ ಜೊತೆ ಬೆನ್ನುಹುರಿಯ ಅದೇ ಭಾಗಕ್ಕೆ ಸೇರುವುದರಿಂದ ಮಿದುಳು ವಿಳಾಸವನ್ನು ತಪ್ಪಾಗಿ ಓದುತ್ತದೆ. ಹೃದಯದ ನೋವು ಎಡತೋಳು, ದವಡೆ, ಬೆನ್ನಿನಲ್ಲಿ ಕಾಣುವುದು, ಪಿತ್ತಕೋಶದ ನೋವು ಬಲಭುಜದಲ್ಲಿ ಕಾಣುವುದು ಇದರಿಂದಲೇ. ಅಪೆಂಡಿಕ್ಸ್ ನೋವು ಹೊಕ್ಕುಳ ಸುತ್ತ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಸರಿಯುತ್ತದೆ. ಸರಿಯುವ ಹೊಟ್ಟೆನೋವಿಗೆ ಬಿಸಿನೀರಿನ ಶಾಖ ಕೊಡುತ್ತಾ ಮನೆಯಲ್ಲಿ ಕಾಯಬೇಡಿ.

ವ್ಯಾಯಾಮದ ನೋವಿಗೆ ಲೆಕ್ಕ ಬೇರೆ. ಹೊಸದಾಗಿ ಶುರುಮಾಡಿದವರಿಗೆ ಎರಡೂ ತೊಡೆಯ ಮಾಂಸಖಂಡ ಒಂದರಿಂದ ಮೂರು ದಿನ ನೋಯುವುದು ಸಹಜ, ನಡೆದಾಡಿದರೆ ಸಡಿಲವಾಗುತ್ತದೆ. ಒಂದೇ ಮಂಡಿ, ಒಂದೇ ಬಿಂದುವಿನಲ್ಲಿ ಚುಚ್ಚಿದರೆ, ಊದಿಕೊಂಡರೆ, ವ್ಯಾಯಾಮ ಮುಗಿದು ಎರಡು ಗಂಟೆಯಾದ ಮೇಲೂ ಮೊದಲಿಗಿಂತ ಹೆಚ್ಚು ನೋಯುತ್ತಿದ್ದರೆ ಮುಂದಿನ ಸಲ ಪ್ರಮಾಣ ಇಳಿಸಿ.

ಎದೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೆಟ್ಟಿಲು ಹತ್ತುವಾಗ, ವೇಗವಾಗಿ ನಡೆಯುವಾಗ ಎದೆ ಹಿಂಡಿದಂತಾಗಿ, ನಿಂತರೆ ಕೆಲವೇ ನಿಮಿಷದಲ್ಲಿ ಬಿಟ್ಟುಹೋದರೆ ಅದು ಗ್ಯಾಸ್ ಅಲ್ಲ ಎಂದೇ ತಿಳಿಯಿರಿ. ತೇಗು ಬಂದು ಹಗುರವಾಯಿತು ಎನ್ನುವುದು ಪುರಾವೆಯಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಆ ಭಯ ಅರ್ಥವಾಗುವಂಥದ್ದೇ. ಆದರೆ ಮಲಗಿಸಿ ತೆಗೆದ ಇಸಿಜಿ ಸರಿಯಿದ್ದರೂ ನಡೆಯುವಾಗ ಬರುವ ಎದೆಬಿಗಿತ ಹೃದಯದ್ದೇ ಆಗಿರಬಹುದು. ಹಾಗಾಗಿ ವೈದ್ಯರಿಗೆ ರಿಪೋರ್ಟ್ ತೋರಿಸುವಾಗ "ಎಷ್ಟನೇ ಮಹಡಿಗೆ ಬರುತ್ತದೆ, ನಿಂತರೆ ಎಷ್ಟು ನಿಮಿಷಕ್ಕೆ ಹೋಗುತ್ತದೆ" ಎಂದು ತಪ್ಪದೆ ಹೇಳಿ.

ಜ್ವರ: ಇಳಿದ ದಿನವೇ ಎಚ್ಚರ

ಥರ್ಮಾಮೀಟರ್ ಇಲ್ಲದೆ ಹಣೆ ಮುಟ್ಟಿ ನೋಡುವುದು ಸಾಲದು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಮೇಲಿದ್ದರೆ ಜ್ವರ. ಬಿಸಿ ಕಾಫಿ ಕುಡಿದ ಕೂಡಲೇ ಬಾಯಲ್ಲಿಟ್ಟರೆ ಸುಳ್ಳು ಏರಿಕೆ ಬರುತ್ತದೆ, ಕಾಲು ಗಂಟೆ ಬಿಟ್ಟು ನೋಡಿ. ಮಾತ್ರೆ ನುಂಗುವ ಮೊದಲಿನ ತಾಪ, ನುಂಗಿದ ಸಮಯ ಎರಡನ್ನೂ ಬರೆಯಿರಿ. ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ಮಾತ್ರೆಯನ್ನು ವಯಸ್ಕರು ಕನಿಷ್ಠ ಆರು ಗಂಟೆ ಅಂತರದಲ್ಲಿ, 24 ಗಂಟೆಯಲ್ಲಿ ನಾಲ್ಕು ಮೀರದಂತೆ ತೆಗೆದುಕೊಳ್ಳಬಹುದು. ಲಿವರ್ ತೊಂದರೆ ಇದ್ದವರು, ಮದ್ಯಪಾನಿಗಳು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಮಳೆಗಾಲದಲ್ಲಿ ಇಲ್ಲಿ ಜ್ವರವೆಂದರೆ ಮೊದಲು ಡೆಂಗ್ಯೂ ಅನುಮಾನಿಸಬೇಕು. ಪರೀಕ್ಷೆ ಆಗುವವರೆಗೆ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್‌ನಂಥ ನೋವಿನ ಮಾತ್ರೆ ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹೃದಯಕ್ಕೆಂದು ದಿನಾ ಆಸ್ಪಿರಿನ್ ನುಂಗುವವರು ತಾವಾಗಿ ನಿಲ್ಲಿಸದೆ ಅದೇ ದಿನ ವೈದ್ಯರನ್ನು ಕೇಳಲಿ. ಡೆಂಗ್ಯೂವಿನಲ್ಲಿ ಮೈ ಕೊಡುವ ಸುಳಿವನ್ನು ಜನ ತಪ್ಪಾಗಿ ಓದುವುದು ಒಂದು ಜಾಗದಲ್ಲಿ: ಮೂರರಿಂದ ಏಳನೇ ದಿನದ ನಡುವೆ ಜ್ವರ ಬಿಡುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ರಕ್ತನಾಳಗಳಿಂದ ದ್ರವ ಸೋರುವುದು ಅದೇ ಹೊತ್ತಿಗೆ. ಜ್ವರ ಬಿಟ್ಟ ಮುಂದಿನ ಎರಡು ದಿನ ನಾಲ್ಕು ಗಂಟೆಗೊಮ್ಮೆ ಇವನ್ನು ನೋಡಿ: ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು-ಮೂಗಿನಲ್ಲಿ ರಕ್ತ, ಕಪ್ಪು ಮಲ, ವಿಪರೀತ ಮಂಪರು ಅಥವಾ ಚಡಪಡಿಕೆ, ತಣ್ಣಗಾದ ಕೈಕಾಲು, ಆರು ಗಂಟೆಯಾದರೂ ಬಾರದ ಮೂತ್ರ. ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ಹಿಡಿದು ಕೂತು ಪಪ್ಪಾಯ ಎಲೆಯ ರಸ ಹುಡುಕುವುದರಲ್ಲಿ ಈ ಲಕ್ಷಣಗಳು ತಪ್ಪಿಹೋಗುತ್ತವೆ. ರಿಪೋರ್ಟಿನಲ್ಲಿ ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಿದೆಯೇ ಎಂದೂ ಕೇಳಿ, ಸೋರಿಕೆಯ ಸುಳಿವು ಅಲ್ಲಿದೆ.

ಕುಡಿಯಲು ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ, ಕಣ್ಣಂದಾಜು ಬೇಡ.

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಇಳಿಯುವ ತೂಕ ಕಂಡರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕೆಮ್ಮು ಬೆಳಗಿನ ಜಾವ ಮಾತ್ರ ಬಂದು ಎದೆ ಸಿಳ್ಳೆ ಹಾಕಿದರೆ ಆಸ್ತಮಾ ಇರಬಹುದು. ಧೂಳು, ಕಾಂಗ್ರೆಸ್ ಗಿಡದ ಪರಾಗ ತುಂಬಿದ ಈ ಊರಿನಲ್ಲಿ ಅದನ್ನು "ಬೆಂಗಳೂರು ಹವಾ ಒಗ್ಗಲಿಲ್ಲ" ಎಂದು ವರ್ಷಗಟ್ಟಲೆ ಎಳೆಯುವವರಿದ್ದಾರೆ.

ಬರೆಯುತ್ತಾ ಕೂರಬಾರದ ಹೊತ್ತು

ಎದೆ ಹಿಂಡುವಿಕೆ ಕೂತರೂ ಬಿಡದೆ, ತಣ್ಣನೆ ಬೆವರು, ಉಸಿರುಗಟ್ಟುವಿಕೆ ಜೊತೆಗೂಡಿದರೆ 108ಕ್ಕೆ ಕರೆ ಮಾಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ವಾಕರಿಕೆ, ಹೇಳತೀರದ ಸುಸ್ತಾಗಿ ಹೃದಯಾಘಾತ ಬರಬಹುದು. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರು 325 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಬಹುದು. ತಾವೇ ಸ್ಕೂಟರ್ ಓಡಿಸಿಕೊಂಡು ಹೋಗಬಾರದು.

ಬಾಯಿ ಸೊಟ್ಟಗಾದರೆ, ಎರಡೂ ಕೈ ಎತ್ತಿದಾಗ ಒಂದು ಜಾರಿದರೆ, ಮಾತು ತೊದಲಿದರೆ ಪಾರ್ಶ್ವವಾಯು. ಶುರುವಾದ ಸಮಯ ಬರೆದುಕೊಳ್ಳಿ, ಹೆಪ್ಪು ಕರಗಿಸುವ ಔಷಧಿ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯವರೆಗೆ ಮಾತ್ರ ಅವಕಾಶ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಇಲ್ಲಿ ಆಸ್ಪಿರಿನ್ ಕೊಡಬೇಡಿ, ಅದು ರಕ್ತಸ್ರಾವದ ಪಾರ್ಶ್ವವಾಯುವೂ ಆಗಿರಬಹುದು. ನೀರು ಕುಡಿಸಬೇಡಿ.

ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೈ ನಡುಕ, ಬೆವರು, ಗೊಂದಲ ಬಂದರೆ 3 ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ರಕ್ತದ ಸಕ್ಕರೆ ಪರೀಕ್ಷಿಸಿ, 70 ಮಿ.ಗ್ರಾಂ.ಗಿಂತ ಕಡಿಮೆಯೇ ಇದ್ದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅದೂ ತುರ್ತು.

ಮೈ ಹೇಳದೇ ಇರುವುದು

ರಕ್ತದೊತ್ತಡ, ಶುರುವಿನ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಕಿಡ್ನಿಯ ಮೊದಲ ಹಂತದ ತೊಂದರೆ ಇವು ಸುಳಿವೇ ಕೊಡುವುದಿಲ್ಲ. "ನನಗೆ ಬಿ.ಪಿ. ಏರಿದರೆ ಗೊತ್ತಾಗುತ್ತೆ" ಎಂದು ಮಾತ್ರೆ ಬಿಡುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಮೂವತ್ತು ದಾಟಿದವರು ಬಿ.ಪಿ., ಸಕ್ಕರೆ ನೋಡಿಸಬೇಕು. ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ದುಡ್ಡಿಲ್ಲದೆ ಆಗುತ್ತದೆ. ಮನೆಯಲ್ಲಿ ಬಿ.ಪಿ. ನೋಡುವಾಗ ಮೂತ್ರ ಮಾಡಿ ಬಂದು, ಕಾಫಿ ಕುಡಿದು ಅರ್ಧ ಗಂಟೆ ಕಳೆದ ಮೇಲೆ, ಬೆನ್ನಿಗೆ ಆಸರೆ, ಕಾಲು ನೆಲಕ್ಕೆ, ತೋಳು ಹೃದಯದ ಮಟ್ಟಕ್ಕೆ ಇಟ್ಟು ಐದು ನಿಮಿಷ ಸುಮ್ಮನೆ ಕೂತು, ನಿಮಿಷ ಅಂತರದಲ್ಲಿ ಎರಡು ಸಲ ಅಳೆಯಿರಿ. ಒಂದು ವಾರದ ಸರಾಸರಿ 135/85 ಅಥವಾ ಮೇಲಿದ್ದರೆ ವೈದ್ಯರ ಬಳಿ ಹೋಗಿ.

ಹತ್ತು ನಿಮಿಷದ ಅಭ್ಯಾಸ, ಅದರ ಮಿತಿ

ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಎಳೆಗಳಲ್ಲಿ ಹೆಚ್ಚಿನವು ಒಳಾಂಗಗಳ ಸುದ್ದಿಯನ್ನು ಮಿದುಳಿಗೆ ಒಯ್ಯುವಂಥವು. ಆ ಸುದ್ದಿಗೆ ಗಮನ ಕೊಡುವುದನ್ನು ಕಲಿಯಬಹುದು. ಶವಾಸನದಲ್ಲಿ ಮಲಗಿ, ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದು ಭಾಗಕ್ಕೂ ಮೂರು ಉಸಿರಿನಷ್ಟು ಹೊತ್ತು ಗಮನ ಕೊಡಿ: ಬಿಗಿಯೇ, ಸಡಿಲವೇ, ಬಿಸಿಯೇ, ತಂಪೇ. ದವಡೆ, ಹೆಗಲು, ಹೊಟ್ಟೆ, ಈ ಮೂರು ಕಡೆ ದಿನದ ಒತ್ತಡ ಕೂತಿರುತ್ತದೆ. ಬದಲಿಸಲು ಹೋಗದೆ ಗುರುತಿಸಿ ಮುಂದೆ ಸಾಗಿ. ನಿದ್ದೆ ಹೋಗುವವರು ಗೋಡೆಗೆ ಒರಗಿ ಕೂತು ಮಾಡಿ.

ಇದು ಎಲ್ಲರಿಗೂ ಒಗ್ಗುವುದಿಲ್ಲ. ಗಾಬರಿಯ ಸ್ವಭಾವದವರು ಎದೆಬಡಿತದ ಮೇಲೆ ಗಮನ ಇಟ್ಟಷ್ಟೂ ಬಡಿತ ಹೆಚ್ಚುತ್ತದೆ, ಹೆಚ್ಚಿದ್ದು ಕಂಡು ಗಾಬರಿ ಇಮ್ಮಡಿಸುತ್ತದೆ. ಅಂಥವರು ಗಮನವನ್ನು ಪಾದದ ಸ್ಪರ್ಶಕ್ಕೆ ಇಳಿಸಿ, ನಾಡಿ ದಿನಕ್ಕೆ ಒಂದೇ ಸಲ ನೋಡಿ, ರಾತ್ರಿ ಲಕ್ಷಣಗಳನ್ನು ಗೂಗಲ್ ಮಾಡುವುದನ್ನು ಬಿಡಿ. ಎಲ್ಲ ಪರೀಕ್ಷೆ ಸರಿಯಿದ್ದೂ ಭಯ ಬಿಡದಿದ್ದರೆ ಆ ಭಯಕ್ಕೂ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದರ ರಾಷ್ಟ್ರೀಯ ಕೇಂದ್ರ ನಮ್ಮ ನಿಮ್ಹಾನ್ಸ್.

ವೈದ್ಯರ ಬಳಿ ಒಯ್ಯುವ ಒಂದು ಪುಟ

ಹೊರರೋಗಿ ವಿಭಾಗದಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. ನೋಟ್‌ಬುಕ್ ಪೂರ್ತಿ ಮುಂದಿಡಬೇಡಿ, ಒಂದು ಪುಟಕ್ಕೆ ಇಳಿಸಿ. ಮೊದಲ ಸಾಲಿನಲ್ಲಿ ಮುಖ್ಯ ತೊಂದರೆ, ಎಷ್ಟು ದಿನದಿಂದ. ಆಮೇಲೆ ನೋವಿನ ಬಗೆ, ಜಾಗ, ಯಾವಾಗ ಹೆಚ್ಚು. ನಂತರ ನಿಮ್ಮ ಸಹಜ ನಾಡಿ-ತೂಕ, ಈಗಿನ ನಾಡಿ-ತೂಕ. ಕೊನೆಗೆ ನುಂಗುತ್ತಿರುವ ಎಲ್ಲ ಮಾತ್ರೆ, ಕಷಾಯ, ಆಯುರ್ವೇದದ ಪುಡಿ, ಪ್ರೋಟೀನ್ ಡಬ್ಬಿ ಸಹಿತ. ಮಾತ್ರೆಗಳ ಪಟ್ಟಿಯನ್ನು ಫೋಟೋ ತೆಗೆದುಕೊಂಡು ಹೋದರೆ ಹೆಸರು ತಪ್ಪುವುದಿಲ್ಲ. ಎದ್ದು ಬರುವ ಮೊದಲು ಇಷ್ಟು ಕೇಳಿ ಅದೇ ಪುಟದಲ್ಲಿ ಬರೆದುಕೊಳ್ಳಿ: ಎಷ್ಟು ದಿನದಲ್ಲಿ ಕಡಿಮೆಯಾಗಬೇಕು, ಆಗದಿದ್ದರೆ ಯಾವ ದಿನ ಮರಳಿ ಬರಬೇಕು, ಏನು ಕಂಡರೆ ಆ ದಿನದವರೆಗೂ ಕಾಯಬಾರದು.